ಚಿಲ್ಲಗೋ ಕುಲುಮೆ ಮತ್ತು ಅದರ ರೈಲು: ಪದೇ ಪದೇ ಕೇಳುವ ಪ್ರಶ್ನೆಗಳು

ಊರಿನಿಂದ ಯಾರೇ ಬರಲಿ, ಆಸ್ಟ್ರೇಲಿಯಾದ ಈ ಕೇರ್ನ್ಸ್ ಅಂದರೆ ಹವಳದ ದಿಬ್ಬ ಅಂದುಕೊಂಡೇ ಬರುತ್ತಾರೆ. ಎರಡು ದಿನ ಸಮುದ್ರ ತೋರಿಸಿ, ಮೂರನೆಯ ದಿನ ನಾನು ಅವರನ್ನು ಒಣ ಕಾಡಿನ ನಡುವೆ ಚಿಲ್ಲಗೋ ಎಂಬಲ್ಲಿರುವ, ಅದಿರು ಕರಗಿಸಿ ತಾಮ್ರ, ಸೀಸ ತೆಗೆಯುತ್ತಿದ್ದ ಒಂದು ಹಾಳು ಕಾರ್ಖಾನೆಗೆ ಕರೆದೊಯ್ಯುತ್ತೇನೆ. ಮೊದಲು ಬೈಸಿಕೊಳ್ಳುತ್ತೇನೆ, ಆಮೇಲೆ ಪ್ರಶ್ನೆಗಳ ಸುರಿಮಳೆ. ಅಂಥ ಪ್ರವಾಸಗಳಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ, ಇಲ್ಲಿನ ಕನ್ನಡಿಗರ ಯುಗಾದಿ ಊಟದ ಪಂಕ್ತಿಯಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಕೊನೆಗೆ.

## ಮೊದಲ ಸಲ ಕೇಳುವವರಿಗೆ

ಚಿಲ್ಲಗೋನಾ? ಹೆಸರೇ ಕೇಳಿಲ್ಲವಲ್ಲ! ಎಲ್ಲಿದೆ ಅದು?

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಉತ್ತರ ಭಾಗದಲ್ಲಿ. ಕೇರ್ನ್ಸ್‌ನಿಂದ ಪಶ್ಚಿಮಕ್ಕೆ ಇನ್ನೂರು ಕಿಲೋಮೀಟರಿಗಿಂತ ತುಸು ಹೆಚ್ಚು, ಕಾರಿನಲ್ಲಿ ಸುಮಾರು ಮೂರು ಗಂಟೆ. ಘಟ್ಟ ಹತ್ತಿ ಮರೀಬಾ ದಾಟುವವರೆಗೆ ಮಾವಿನ ತೋಟ, ಕಬ್ಬು, ಕಾಲುವೆ. ಡಿಂಬುಲಾ ಕಳೆದ ಮೇಲೆ ಹಸಿರು ಕರಗಿ ಕೆಂಪು ಮಣ್ಣು, ಒಣ ಹುಲ್ಲು, ಹುತ್ತಗಳು ಶುರು. ಚಿತ್ರದುರ್ಗದ ಕಡೆಯವರು ಬಂದರೆ ಇಲ್ಲಿಂದ ಮುಂದೆ ಅವರಿಗೆ ಊರಿನ ನೆನಪು ಬರುತ್ತದೆ.

ಆ ಬಯಲಿನಲ್ಲಿ ಇದ್ದಕ್ಕಿದ್ದಂತೆ ಕಪ್ಪು ಬೂದು ಬಣ್ಣದ, ಚೂಪು ಚೂಪಾದ ಸುಣ್ಣಕಲ್ಲಿನ ಬಂಡೆಗಳು ಎದ್ದು ನಿಂತಿವೆ. ಸುಮಾರು 40 ಕೋಟಿ ವರ್ಷಗಳ ಹಿಂದೆ ಸಮುದ್ರದಡಿ ಬೆಳೆದ ಹವಳದ ದಿಬ್ಬಗಳವು. ಹವಳ ನೋಡಲು ಬಂದವರಿಗೆ ಮೋಸವಂತೂ ಆಗುವುದಿಲ್ಲ ಎಂದು ನಾನು ಸಮಾಧಾನ ಹೇಳುವುದು ಇದೇ ಆಧಾರದ ಮೇಲೆ. ಊರಿನಲ್ಲಿ ಈಗ ಇರುವವರು ಇನ್ನೂರು, ಮುನ್ನೂರು ಜನ. ಹೆಸರು ನಾವಿಕರ ಹಾಡೊಂದರ ಅರ್ಥವಿಲ್ಲದ ಪಲ್ಲವಿಯಿಂದ ಬಂತು ಎಂದು ಅಲ್ಲಿಯವರು ಹೇಳುತ್ತಾರೆ.

ಬರೀ ಚಿಮಣಿ ತಾನೆ? ಅದನ್ನು ನೋಡೋಕೆ ಇನ್ನೂರು ಕಿಲೋಮೀಟರ್ ಯಾಕೆ?

ಚಿಮಣಿಗಳು ದೂರದಿಂದ ಕಾಣುವುದರಿಂದ ಎಲ್ಲರೂ ಅದನ್ನೇ ಹೇಳುತ್ತಾರೆ. ಊರಾಚೆಯ ಇಳಿಜಾರಿನಲ್ಲಿ ಇಟ್ಟಿಗೆಯ ಎತ್ತರದ ಚಿಮಣಿಗಳ ಜೊತೆ ಹೊಗೆ ಸಾಗುತ್ತಿದ್ದ ಕಾಲುವೆಗಳ ಗೋಡೆ, ಕುಲುಮೆ ಮತ್ತು ಯಂತ್ರಗಳ ಅಡಿಪಾಯ, ಕೆಳಗಡೆ ಹಳ್ಳದತ್ತ ಹರಡಿದ ಕಪ್ಪು ಕಿಟ್ಟದ (ಅದಿರು ಕರಗಿಸಿದಾಗ ಉಳಿಯುವ ಕಸ) ಗುಡ್ಡೆ ಎಲ್ಲ ಇವೆ. ಕಾರ್ಖಾನೆಯನ್ನು ಇಳಿಜಾರಿನಲ್ಲಿ ಯಾಕೆ ಕಟ್ಟಿದರು ಎಂಬುದು ಅಲ್ಲಿ ನಿಂತರೆ ತಾನಾಗಿ ತಿಳಿಯುತ್ತದೆ: ಅದಿರು ಮೇಲಿಂದ ಬರಬೇಕು, ಕರಗಿದ್ದು ಕೆಳಗಿಳಿಯಬೇಕು, ಹೊಗೆ ಮತ್ತೆ ಮೇಲೆ ಹೋಗಬೇಕು. ಎತ್ತುವ ಖರ್ಚು ಉಳಿಯಿತು.

ಸಂಜೆ ಐದರ ಸುಮಾರಿಗೆ ಹೋಗಿ. ಪಡುವಣ ಬಿಸಿಲು ಇಟ್ಟಿಗೆಯ ಮೇಲೆ ಬಿದ್ದಾಗ ಬೈದವರೂ ಸುಮ್ಮನಾಗುತ್ತಾರೆ.

ಹತ್ತಿರ ಹೋಗಿ ಮುಟ್ಟಿ ನೋಡಬಹುದಾ? ಮಕ್ಕಳು ಇದ್ದಾರೆ.

ಇಲ್ಲ. ಅವಶೇಷದ ಸುತ್ತ ಬೇಲಿಯಿದೆ. ಹೊರಗಿನ ನೋಟದ ತಾಣದಿಂದ, ವಿವರಣೆಯ ಫಲಕಗಳ ಹತ್ತಿರದಿಂದ ನೋಡಬೇಕು. ಕಾರಣ ಎರಡು. ಹಳೆಯ ಇಟ್ಟಿಗೆ ಕಟ್ಟಡ ಯಾವಾಗ ಜಾರುತ್ತದೋ ಗೊತ್ತಿಲ್ಲ, ಅದು ಒಂದು. ನಾಲ್ಕು ದಶಕ ಸೀಸ ಮತ್ತು ತಾಮ್ರದ ಅದಿರು ಕರಗಿಸಿದ ನೆಲವದು, ಮಣ್ಣಿನಲ್ಲಿ ವಿಷ ಲೋಹಗಳಿವೆ, ಇದು ಎರಡನೆಯದು ಮತ್ತು ಹೆಚ್ಚು ಮುಖ್ಯವಾದದ್ದು. ಸೀಸದ ಧೂಳು ದೊಡ್ಡವರಿಗಿಂತ ಮಕ್ಕಳಿಗೆ ಹೆಚ್ಚು ಕೆಟ್ಟದ್ದು, ಅವರ ಕೈ ಬಾಯಿಗೆ ಹೋಗುತ್ತಲೇ ಇರುತ್ತದೆ.

ಮಕ್ಕಳನ್ನು ಕರೆದೊಯ್ಯಲು ಅಡ್ಡಿಯಿಲ್ಲ. ಬೇಲಿಯಾಚೆ ಬಿಡಬೇಡಿ, ಅಷ್ಟೆ. ಅವರಿಗೆ ನಿಜವಾಗಿ ಹಿಡಿಸುವುದು ಪಕ್ಕದ ಸುಣ್ಣಕಲ್ಲಿನ ಗುಹೆಗಳು. ರಾಷ್ಟ್ರೀಯ ಉದ್ಯಾನದ ಸಿಬ್ಬಂದಿ ಕೆಲವು ಗುಹೆಗಳ ಒಳಗೆ ದೀಪ ಹಿಡಿದು ಕರೆದೊಯ್ಯುತ್ತಾರೆ.

ಯಾವ ತಿಂಗಳು ಹೋಗೋದು ಒಳ್ಳೇದು?

ಮೇ ತಿಂಗಳಿಂದ ಸೆಪ್ಟೆಂಬರ್. ಡಿಸೆಂಬರ್‌ನಿಂದ ಮಾರ್ಚ್ ಮಳೆಗಾಲ, ಹಳ್ಳಗಳು ತುಂಬಿದರೆ ರಸ್ತೆ ಕಟ್ಟಾಗುತ್ತದೆ. ಹೊರಡುವ ಮುಂಚೆ ರಸ್ತೆಯ ಸ್ಥಿತಿ ವಿಚಾರಿಸಿ, ಮರೀಬಾದಲ್ಲೇ ಪೆಟ್ರೋಲ್ ತುಂಬಿಸಿ, ನೀರು ಹೆಚ್ಚಾಗಿ ಇಟ್ಟುಕೊಳ್ಳಿ. ಕತ್ತಲಾದ ಮೇಲೆ ಕಾರು ಓಡಿಸಬೇಡಿ: ದನ, ಕಾಂಗರೂ ಎರಡೂ ರಸ್ತೆಗೇ ಬರುತ್ತವೆ. ಒಂದು ರಾತ್ರಿ ಅಲ್ಲೇ ಉಳಿದರೆ ನಕ್ಷತ್ರ ಉಚಿತ. ಸಸ್ಯಾಹಾರಿಗಳು ಚಿತ್ರಾನ್ನ, ಚಟ್ನಿಪುಡಿ ಕಟ್ಟಿಕೊಂಡು ಹೋಗುವುದು ವಾಸಿ.

ಅಂದ್ರೆ ಅದೂ ನಮ್ಮ ಕೆಜಿಎಫ್ ತರಹಾನೇ ಅಂತೀರಾ?

ಅರ್ಧ ಹೌದು. ಕಂಪನಿ ಕಟ್ಟಿದ ಊರು, ಕಂಪನಿಗಾಗಿ ಬಂದ ರೈಲು, ಕೊನೆಗೆ ಸರ್ಕಾರದ ಕೈಗೆ ಬಂದದ್ದು, ಮುಚ್ಚಿದ ಮೇಲೆ ಉಳಿದ ವಿಷದ ದಿಬ್ಬ, ಇವೆಲ್ಲ ಎರಡೂ ಕಡೆ ಒಂದೇ. ಆದರೆ ಕೋಲಾರದಲ್ಲಿ ಚಿನ್ನ ನಿಜವಾಗಿ ಇತ್ತು. ಮೂರು ಕಿಲೋಮೀಟರ್ ಆಳಕ್ಕೆ ಇಳಿದು ನೂರಿಪ್ಪತ್ತು ವರ್ಷ ತೆಗೆದರು. ಚಿಲ್ಲಗೋದಲ್ಲಿ ಅದಿರು ಹೇಳಿದಷ್ಟು ಇರಲಿಲ್ಲ. ಕಾರ್ಖಾನೆ ಇತ್ತು, ರೈಲಿತ್ತು, ಷೇರುದಾರರಿದ್ದರು, ಅದಿರು ಸಾಲಲಿಲ್ಲ. ಮುಂದಿನ ಎಲ್ಲ ಕಥೆ ಈ ಒಂದು ಕೊರತೆಯಿಂದ ಹುಟ್ಟಿದ್ದು.

## ಕುಲುಮೆಯ ಒಳಗೆ

ಗಣಿ ಇದ್ದರೆ ಸಾಕಿತ್ತಲ್ಲ, ಅದಿರನ್ನು ಹಡಗಿಗೆ ಹಾಕಿ ಕಳಿಸಬಾರದಿತ್ತಾ? ಕಾಡಿನಲ್ಲಿ ಕಾರ್ಖಾನೆ ಯಾಕೆ?

ನೂರು ಗಾಡಿ ಕಲ್ಲು ಸಾಗಿಸಿದರೆ ಅದರಲ್ಲಿ ತೊಂಬತ್ತು ಗಾಡಿ ಬೇಡದ ಕಲ್ಲೇ. ಘಟ್ಟ ಇಳಿಸಿ, ಬಂದರಿಗೆ ತಂದು, ಹಡಗಿನ ಬಾಡಿಗೆ ಕೊಟ್ಟು ಬೇಡದ ಕಲ್ಲನ್ನು ಯೂರೋಪಿಗೆ ಕಳಿಸುವ ದಡ್ಡ ಯಾರೂ ಇರಲಿಲ್ಲ. ಹೆಚ್ಚು ಲೋಹವಿದ್ದ ಅದಿರನ್ನು ಮಾತ್ರ ಎತ್ತಿನ ಮತ್ತು ಕುದುರೆಯ ಗಾಡಿಗಳಲ್ಲಿ ಹೊರಗೆ ಕಳಿಸುವುದು ಲಾಭ. ಉಳಿದದ್ದನ್ನು ಅಲ್ಲೇ ಕರಗಿಸಿ ಲೋಹ ಮಾತ್ರ ಕಳಿಸಬೇಕು.

ವಿಲಿಯಂ ಅಥರ್ಟನ್ ಎಂಬ ದನಗಾರ 1888ರ ಸುಮಾರಿಗೆ ಈ ಸೀಮೆಯಲ್ಲಿ ನೆಲೆ ಹಿಡಿದ. ತಾಮ್ರದ ಹಸಿರು ಕಲೆಯ ಬಂಡೆಗಳನ್ನು ಕಂಡು ಜಾನ್ ಮೊಫಾಟ್‌ಗೆ ಸುದ್ದಿ ಮುಟ್ಟಿಸಿದ. ಮೊಫಾಟ್ ಸ್ಕಾಟ್ಲೆಂಡಿನಿಂದ ಬಂದವನು, ಅರ್ವಿನ್‌ಬ್ಯಾಂಕ್ ಎಂಬ ಪಕ್ಕದ ಊರಿನಲ್ಲಿ ತವರದ ಗಿರಣಿ ನಡೆಸುತ್ತಿದ್ದ. ಅವನು ಮೊದಲು ಕ್ಯಾಲ್ಸಿಫರ್ ಮುಂತಾದ ಕಡೆ ಸಣ್ಣ ಕುಲುಮೆ ಹಾಕಿ ನೋಡಿದ. ಅದಿರಿನ ಜೊತೆ ಸೇರಿಸಬೇಕಾದ ಸುಣ್ಣಕಲ್ಲು ಕಾಲಡಿಯಲ್ಲೇ ಬಿದ್ದಿತ್ತು. ಕಬ್ಬಿಣದ ಕಲ್ಲೂ ಹತ್ತಿರದಲ್ಲೇ ಸಿಗುತ್ತಿತ್ತು. ಇಲ್ಲದ್ದು ಒಂದೇ, ಕೋಕ್, ಅಂದರೆ ಕಲ್ಲಿದ್ದಲನ್ನು ಗಾಳಿ ತಾಗದಂತೆ ಕಾಯಿಸಿ ಮಾಡುವ ಇಂಧನ. ಕೋಕ್ ದೂರದಿಂದ ಬರಬೇಕು, ಲೋಹ ಬಂದರಿಗೆ ಹೋಗಬೇಕು. ರೈಲು ಬೇಕೇಬೇಕು ಎಂಬ ಲೆಕ್ಕ ಬಂದದ್ದು ಹೀಗೆ.

ಕಲ್ಲಿನಿಂದ ತಾಮ್ರ ಹೇಗೆ ಬರುತ್ತೆ? ಕೆಮಿಸ್ಟ್ರಿ ಬೇಡ, ಸರಳವಾಗಿ ಹೇಳಿ.

ತಾಮ್ರದ ಅದಿರಿನಲ್ಲಿ ಮುಖ್ಯವಾಗಿ ನಾಲ್ಕು ಇರುತ್ತವೆ ಅಂದುಕೊಳ್ಳಿ: ತಾಮ್ರ, ಕಬ್ಬಿಣ, ಗಂಧಕ ಮತ್ತು ಬರೀ ಕಲ್ಲು. ನಮಗೆ ಮೊದಲನೆಯದು ಮಾತ್ರ ಬೇಕು.

ಮೊದಲು ಹುರಿಯುತ್ತಾರೆ. ಗಂಧಕದ ಒಂದು ಪಾಲು ಹೊಗೆಯಾಗಿ ಹೋಗುತ್ತದೆ, ಪುಡಿ ಅದಿರು ಗಟ್ಟಿಯಾಗಿ ಹೆಂಟೆಗಟ್ಟುತ್ತದೆ. ಆಮೇಲೆ ಎತ್ತರದ ಊದು ಕುಲುಮೆಗೆ ಮೇಲಿಂದ ಅದಿರು, ಕೋಕ್, ಸುಣ್ಣಕಲ್ಲು, ಕಬ್ಬಿಣದ ಕಲ್ಲು ಪದರಪದರವಾಗಿ ಸುರಿದು ಕೆಳಗಿನಿಂದ ಗಾಳಿ ಊದುತ್ತಾರೆ. ನಮ್ಮ ಕಮ್ಮಾರನ ತಿದಿಯ ಕೆಲಸವೇ ಅದು, ಉಗಿಯಂತ್ರದ ಬಲದಲ್ಲಿ. ಕುಲುಮೆಯ ಗೋಡೆ ಕರಗದಿರಲಿ ಎಂದು ಅದರ ಸುತ್ತ ಉಕ್ಕಿನ ಪೊಳ್ಳು ಕವಚದಲ್ಲಿ ನೀರು ಹರಿಸುತ್ತಾರೆ.

ಸುಣ್ಣಕಲ್ಲು ಯಾಕೆ ಎಂದು ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಅದಿರಿನೊಳಗಿನ ಬೆಣಚು ಒಂಟಿಯಾಗಿ ಇಷ್ಟು ಶಾಖಕ್ಕೆ ಕರಗುವುದಿಲ್ಲ. ಸುಣ್ಣ ಮತ್ತು ಕಬ್ಬಿಣದ ಜೊತೆ ಸೇರಿದರೆ ಕರಗಿ ತೆಳ್ಳಗೆ ಹರಿಯುತ್ತದೆ, ಹಗುರವಾಗಿ ಮೇಲೆ ತೇಲುತ್ತದೆ. ಅದೇ ಕಿಟ್ಟ. ಭಾರವಾದ ತಾಮ್ರ, ಕಬ್ಬಿಣ, ಗಂಧಕಗಳ ಮಿಶ್ರಣ ತಳಕ್ಕಿಳಿಯುತ್ತದೆ. ಮೊಸರು ಕಡೆದಾಗ ಬೆಣ್ಣೆ ಮೇಲೆ ಬರುತ್ತದಲ್ಲ, ಇಲ್ಲಿ ತಲೆಕೆಳಗು: ಬೇಕಾದ್ದು ಕೆಳಗೆ, ಬೇಡದ್ದು ಮೇಲೆ.

ತಳದ ಮಿಶ್ರಣವನ್ನು ಇನ್ನೊಂದು ಪಾತ್ರೆಗೆ ಹುಯ್ದು ಮತ್ತೆ ಗಾಳಿ ನುಗ್ಗಿಸಿದರೆ ಉಳಿದ ಗಂಧಕ ಉರಿದುಹೋಗುತ್ತದೆ, ಕಬ್ಬಿಣ ಕಿಟ್ಟವಾಗುತ್ತದೆ. ಸಿಗುವುದು ನೂರಕ್ಕೆ ತೊಂಬತ್ತೆಂಟರ ಮೇಲೆ ಶುದ್ಧವಾದ ತಾಮ್ರ. ಆರುವಾಗ ಒಳಗಿನ ಅನಿಲ ಹೊರಬಂದು ಮೈಮೇಲೆಲ್ಲ ಗುಳ್ಳೆ ಏಳುವುದರಿಂದ ಅದಕ್ಕೆ ಬೊಕ್ಕೆ ತಾಮ್ರ ಎನ್ನಬಹುದು. ಅದನ್ನು ಬೇರೆಡೆ ಕಳಿಸಿ ಪೂರ್ತಿ ಶುದ್ಧಿ ಮಾಡುವಾಗ ಅದರೊಳಗೆ ಅಡಗಿದ್ದ ಚಿನ್ನ, ಬೆಳ್ಳಿ ಬೇರೆಯಾಗುತ್ತವೆ. ಸೀಸಕ್ಕೆ ಬೇರೆ ಕುಲುಮೆ. ಬೆಳ್ಳಿ ಸೀಸದ ಜೊತೆಯಲ್ಲೇ ಇಳಿದು ಬರುತ್ತದೆ.

ಆ ಕಪ್ಪು ಗುಡ್ಡ ಏನು? ಕಲ್ಲಿದ್ದಲಾ?

ಕಲ್ಲಿದ್ದಲು ಅಲ್ಲ, ಮೇಲೆ ಹೇಳಿದ ಕಿಟ್ಟ. ಕರಗಿದ ಕಿಟ್ಟವನ್ನು ದೊಡ್ಡ ಕಬ್ಬಿಣದ ಬಟ್ಟಲುಗಳಲ್ಲಿ ಹಳಿಯ ಮೇಲೆ ತಳ್ಳಿಕೊಂಡು ಹೋಗಿ ದಿಬ್ಬದ ಅಂಚಿನಲ್ಲಿ ಮಗುಚುತ್ತಿದ್ದರು. ದಿಬ್ಬ ಬೆಳೆದಂತೆ ಹಳಿಯನ್ನೂ ಮುಂದಕ್ಕೆ ಸರಿಸುತ್ತಿದ್ದರು. ಹಾಗಾಗಿ ಗುಡ್ಡೆಯ ಮೇಲ್ಭಾಗ ಚಪ್ಪಟೆ, ಅಂಚು ಕಡಿದಾದ ಇಳಿಜಾರು. ರಾತ್ರಿ ಕಿಟ್ಟ ಸುರಿಯುವಾಗ ಸುತ್ತಲೂ ಕೆಂಪು ಬೆಳಕು ಎದ್ದಿರಬೇಕು. ಕೆಲವು ಕಡೆ ಬಟ್ಟಲಿನ ಆಕಾರದಲ್ಲೇ ಗಟ್ಟಿಯಾದ ಮುದ್ದೆಗಳು ಕಾಣುತ್ತವೆ. ನನ್ನ ಚಿಕ್ಕಮ್ಮ ಅದನ್ನು ನೋಡಿ 'ಯಾರೋ ರಾಗಿಮುದ್ದೆ ಕಟ್ಟಿ ಮರೆತುಹೋಗಿದ್ದಾರೆ' ಅಂದರು. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಒಟ್ಟು ಎಷ್ಟು ತೆಗೆದರು?

1901ರಿಂದ 1943ರವರೆಗೆ ಸುಮಾರು 12.5 ಲಕ್ಷ ಟನ್ ಅದಿರು ಕರಗಿಸಿದರು. ಬಂದದ್ದು 60,000 ಟನ್ ತಾಮ್ರ, 50,000 ಟನ್ ಸೀಸ, 181 ಟನ್ ಬೆಳ್ಳಿ, 5 ಟನ್ ಚಿನ್ನ. ಲೆಕ್ಕ ಹಾಕಿ ನೋಡಿದರೆ ನೂರಕ್ಕೆ ಒಂಬತ್ತು ಪಾಲೂ ಲೋಹವಾಗಲಿಲ್ಲ. ಉಳಿದದ್ದು ಗಾಳಿಗೆ ಹೋಯಿತು ಅಥವಾ ಆ ಕಪ್ಪು ಗುಡ್ಡೆಯಲ್ಲಿದೆ.

## ರೈಲಿನ ಪ್ರಶ್ನೆಗಳು

ಒಂದು ಕಂಪನಿಗೆ ಸ್ವಂತ ರೈಲು ಹಾಕೋಕೆ ಸರ್ಕಾರ ಹೇಗೆ ಬಿಟ್ಟಿತು?

ಕ್ವೀನ್ಸ್‌ಲ್ಯಾಂಡಿನಲ್ಲಿ ರೈಲು ಎಂದರೆ ಸರ್ಕಾರದ್ದು. ಕೇರ್ನ್ಸ್‌ನಿಂದ ಘಟ್ಟ ಹತ್ತಿಸಿ ಕುರಾಂಡಾಕ್ಕೆ 1891ರಲ್ಲಿ, ಮರೀಬಾಕ್ಕೆ 1893ರಲ್ಲಿ ಹಳಿ ತಂದದ್ದು ಸರ್ಕಾರವೇ. 15 ಸುರಂಗಗಳ ಆ ಘಟ್ಟದ ಹಾದಿಗೆ ಸುರಿದ ಹಣ ನೋಡಿದ ಮೇಲೆ ಮುಂದಿನ ಒಣ ಸೀಮೆಗೆ ಇನ್ನೊಂದು ಹಾದಿ ಹಾಕುವ ಉಮೇದು ಸರ್ಕಾರಕ್ಕೆ ಉಳಿದಿರಲಿಲ್ಲ. ನಾವೇ ಹಾಕಿಕೊಳ್ಳುತ್ತೇವೆ ಎಂದು ಗಣಿಯವರು ಮುಂದೆ ಬಂದರು. 1897ರಲ್ಲಿ ಅದಕ್ಕೆಂದೇ ಕಾಯ್ದೆ ಆಯಿತು. ಮೆಲ್ಬರ್ನ್‌ನ ಬಂಡವಾಳ ಸೇರಿ ಚಿಲ್ಲಗೋ ರೈಲ್ವೆ ಅಂಡ್ ಮೈನ್ಸ್ ಕಂಪನಿ ಹುಟ್ಟಿತು. ಹೆಸರಿನಲ್ಲಿ ರೈಲು ಮೊದಲು, ಗಣಿ ಆಮೇಲೆ ಎಂಬುದನ್ನು ಗಮನಿಸಿ. ಕಾಕತಾಳೀಯ ಇರಬಹುದು, ನನಗಂತೂ ಹಾಗನ್ನಿಸುವುದಿಲ್ಲ.

ಖಾಸಗಿ ರೈಲನ್ನು ಲೇಬರ್ ಪಕ್ಷ ಜೋರಾಗಿ ವಿರೋಧಿಸಿತು. ಜನರ ದಾರಿಯನ್ನು ಸಾಹುಕಾರರಿಗೆ ಬರೆದುಕೊಟ್ಟಂತೆ ಎಂಬುದು ಅವರ ವಾದ. ಅದೇ ಪಕ್ಷ ಎರಡು ದಶಕದ ಮೇಲೆ ಈ ರೈಲನ್ನೂ ಕುಲುಮೆಯನ್ನೂ ದುಡ್ಡು ಕೊಟ್ಟು ಕೊಂಡಿತು.

ಮರೀಬಾದಿಂದ ಹೊರಟ ಹಳಿ ಡಿಂಬುಲಾ, ಲಾಪ್ಪಾ, ಅಲ್ಮಾಡೆನ್ ಮೇಲೆ ಹಾದು ಚಿಲ್ಲಗೋ ಮುಟ್ಟಿ, ಅದರಾಚೆ ಸುಮಾರು ಹದಿನಾರು ಕಿಲೋಮೀಟರ್ ದೂರದ ಮುಂಗಾನ ಗಣಿಗಳನ್ನು 1901ರಲ್ಲಿ ತಲುಪಿತು. ಹಾದಿಯುದ್ದಕ್ಕೂ ಕವಲುಗಳು ಮೊಳೆತವು: ಲಾಪ್ಪಾದಿಂದ ಮೌಂಟ್ ಗಾರ್ನೆಟ್‌ಗೆ ಒಂದು, ಬೂನ್‌ಮೂ ಇಂದ ಸ್ಟ್ಯಾನರಿ ಹಿಲ್ಸ್ ಕಡೆಗೆ ಎರಡಡಿ ಅಗಲದ ಟ್ರಾಮ್, ಡಿಂಬುಲಾದಿಂದ ಮೌಂಟ್ ಮುಲ್ಲಿಗನ್‌ಗೆ ಮತ್ತೊಂದು. ಸ್ವಂತ ಗಣಿಗಳಲ್ಲಿ ಅದಿರು ಸಾಲದೆ ಬಂದಾಗ ಕಂಪನಿ ಏನು ಮಾಡಿತು ಗೊತ್ತೇ? ಅದಿರು ಹುಡುಕಿಕೊಂಡು ಇನ್ನೂ ಉದ್ದ ಹಳಿ ಹಾಕಿತು. 1907ರಲ್ಲಿ ಅಲ್ಮಾಡೆನ್‌ನಿಂದ ಶುರುವಾದ ಎಥರಿಜ್ ಹಾದಿ ಐನಾಸ್ಲೇ ತಾಮ್ರದ ಗಣಿ ದಾಟಿ 1910ರಲ್ಲಿ ಫೋರ್ಸೇಥ್ ಸೇರಿತು. ಆ ಹಾದಿಯಲ್ಲಿ ಮಣ್ಣಿನ ಕೆಲಸ ಎಷ್ಟು ಕಡಿಮೆ ಮಾಡಬಹುದೋ ಅಷ್ಟು ಕಡಿಮೆ. ನೆಲ ಏರಿದಂತೆ ಹಳಿ ಏರುತ್ತದೆ, ಇಳಿದಂತೆ ಇಳಿಯುತ್ತದೆ.

ಆ ರೈಲು ಈಗಲೂ ಓಡುತ್ತಾ?

ಚಿಲ್ಲಗೋಗೆ ದಿನದ ರೈಲು ಇಲ್ಲ. ಆದರೆ ಕಂಪನಿಯ ಆ ಅಗ್ಗದ ಹಾದಿ, ಫೋರ್ಸೇಥ್‌ಗೆ ಹೋಗುವುದು, ಉಳಿದುಕೊಂಡಿತು. 1995ರಿಂದ ಸವಾನಾಲ್ಯಾಂಡರ್ ಎಂಬ ಪ್ರವಾಸಿ ರೈಲು ಅದರ ಮೇಲೆ ಓಡುತ್ತಿದೆ. 1960ರ ದಶಕದ ಬೆಳ್ಳಿ ಬಣ್ಣದ ಹಳೆಯ ರೈಲುಮೋಟಾರು (ಎಂಜಿನ್ ಒಳಗೇ ಇರುವ ಬೋಗಿ), ಹೋಗಿ ಬರುವುದಕ್ಕೆ ನಾಲ್ಕು ದಿನ, ರಾತ್ರಿ ದಾರಿಯ ಊರುಗಳಲ್ಲಿ ಮಲಗುವುದು. ಮಳೆಗಾಲದಲ್ಲಿ ಓಡುವುದಿಲ್ಲ. ಅಲ್ಮಾಡೆನ್‌ನಲ್ಲಿ ಇಳಿದು ರಸ್ತೆಯ ಮೇಲೆ ಚಿಲ್ಲಗೋ ನೋಡಿ ಬರುವ ಏರ್ಪಾಡೂ ಉಂಟು. ವೇಳಾಪಟ್ಟಿ ಬದಲಾಗುತ್ತಿರುತ್ತದೆ, ಟಿಕೆಟ್ ತೆಗೆಯುವ ಮುಂಚೆ ಅವರನ್ನೇ ಕೇಳಿ.

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಗಣಿಗಾಗಿ ಹಾಕಿದ ಹಾದಿ ಇಂದು ಕೆಜಿಎಫ್‌ನವರನ್ನು ಬೆಂಗಳೂರಿನ ಕೆಲಸಕ್ಕೆ ಹೊತ್ತೊಯ್ಯುತ್ತದಲ್ಲ, ಗಣಿ ಮುಚ್ಚಿ ಇಷ್ಟು ವರ್ಷವಾದರೂ. ಇಲ್ಲಿ ಕೆಲಸಕ್ಕೆ ಹೋಗುವವರಿಲ್ಲ, ಕ್ಯಾಮೆರಾದವರಿದ್ದಾರೆ, ಅಷ್ಟೇ ವ್ಯತ್ಯಾಸ.

ಗೇಜ್ ಯಾವುದು? ನಮ್ಮ ಮೀಟರ್ ಗೇಜಾ?

ಹತ್ತಿರ ಹತ್ತಿರ. ಮೀಟರ್ ಗೇಜ್ 1000 ಮಿಲಿಮೀಟರ್, ಕ್ವೀನ್ಸ್‌ಲ್ಯಾಂಡಿನದು 1067, ಅಂದರೆ ಮೂರೂವರೆ ಅಡಿ. ಕಂಪನಿ ಸರ್ಕಾರದ ಅಳತೆಯನ್ನೇ ಇಟ್ಟುಕೊಂಡದ್ದು ಜಾಣತನ. ಮರೀಬಾದಲ್ಲಿ ಸರಕು ಇಳಿಸಿ ಏರಿಸದೆ ಬೋಗಿಗಳು ನೇರ ಬಂದರಿಗೆ ಹೋಗುತ್ತಿದ್ದವು.

ಕುಲುಮೆಗೆ ಕಲ್ಲಿದ್ದಲು ಎಲ್ಲಿಂದ ಬರ್ತಿತ್ತು?

ಮೊದಮೊದಲು ಕೋಕ್ ಸಮುದ್ರದ ಮೇಲೆ ದೂರದಿಂದ ಬಂದು, ಕೇರ್ನ್ಸ್‌ನಲ್ಲಿ ಇಳಿದು, ಘಟ್ಟ ಹತ್ತಿ ಬರುತ್ತಿತ್ತು. ಪ್ರತಿ ಟನ್ನಿಗೂ ಬಾಡಿಗೆಯ ಮೇಲೆ ಬಾಡಿಗೆ. ಹತ್ತಿರದಲ್ಲೇ ಮೌಂಟ್ ಮುಲ್ಲಿಗನ್ ಎಂಬ ಕಡಿದಾದ ಬಂಡೆಯ ಬುಡದಲ್ಲಿ ಕಲ್ಲಿದ್ದಲು ಸಿಕ್ಕಾಗ ಕಂಪನಿ ಅಲ್ಲಿ ಗಣಿ ತೆರೆದು, 1915ರಲ್ಲಿ ಹಳಿ ಮುಟ್ಟಿಸಿತು.

1921ರ ಸೆಪ್ಟೆಂಬರ್ 19ರ ಬೆಳಿಗ್ಗೆ ಆ ಗಣಿಯೊಳಗೆ ಕಲ್ಲಿದ್ದಲಿನ ಧೂಳು ಸ್ಫೋಟಿಸಿತು. 75 ಜನ ಸತ್ತರು. ಕ್ವೀನ್ಸ್‌ಲ್ಯಾಂಡಿನ ಗಣಿ ದುರಂತಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಅಲ್ಲಿ ಅನಿಲ ಇಲ್ಲವೆಂದು ನಂಬಿ ಕಾರ್ಮಿಕರು ತೆರೆದ ಜ್ವಾಲೆಯ ದೀಪ ಹಿಡಿದೇ ಕೆಲಸ ಮಾಡುತ್ತಿದ್ದರು. ನೆಲದ ಮೇಲೆ ಧೂಳು ಒಣಗಿ ಬಿದ್ದಿತ್ತು. ಸಿಡಿಮದ್ದನ್ನು ರಂಧ್ರದೊಳಗೆ ತುಂಬದೆ ಕಲ್ಲಿದ್ದಲಿನ ಗಡ್ಡೆಯ ಮೇಲೆ ಇಟ್ಟು ಸಿಡಿಸಿದ್ದರಿಂದ ಕಿಡಿ ಹತ್ತಿತು ಎಂದು ವಿಚಾರಣೆ ಹೇಳಿತು. ಊರೇ ಚಿಕ್ಕದು, ಮನೆಮನೆಗೂ ಹೆಣ ಬಂತು. ಚಿಲ್ಲಗೋ ಚಿಮಣಿ ನೋಡಿ ಬೆರಗಾಗುವವರಿಗೆ ನಾನು ಇದನ್ನೂ ಹೇಳದೆ ಬಿಡುವುದಿಲ್ಲ, ಆ ಚಿಮಣಿಯ ಹೊಗೆ ಶುರುವಾಗುತ್ತಿದ್ದುದು ಅಂಥ ಸುರಂಗಗಳಲ್ಲಿ.

## ದುಡ್ಡು ಮತ್ತು ರಾಜಕೀಯ

ನಷ್ಟ ಆಯ್ತು ಅಂತೀರಿ, ಮತ್ತೆ ನಲವತ್ತು ವರ್ಷ ಹೇಗೆ ನಡೆಸಿದರು?

ಒಂದೇ ಮಾಲೀಕ ನಡೆಸಲಿಲ್ಲ, ಒಂದೇ ಸಮನೆ ನಡೆಯಲೂ ಇಲ್ಲ. ಮೊದಲ ಕಂಪನಿ ಗಣಿಗಳ ಅದಿರನ್ನು ಸರಿಯಾಗಿ ಅಳೆಯದೆ ದೊಡ್ಡ ಕುಲುಮೆ ಕಟ್ಟಿತು. ಮೇಲ್ಪದರದಲ್ಲಿ ತಾಮ್ರ ಚೆನ್ನಾಗಿತ್ತು. ಬಿಸಿಲು, ಮಳೆ, ನೀರು ಸೇರಿ ಮೇಲಿನ ಅದಿರನ್ನು ಸಮೃದ್ಧಗೊಳಿಸುವುದು ಇಂಥ ನೆಲದಲ್ಲಿ ಸಾಮಾನ್ಯ. ಆಳಕ್ಕೆ ಇಳಿದಂತೆ ಅದಿರು ಬಡವಾಯಿತು. ಬೆಂಕಿ ಹೊತ್ತಿಸಿದ ಕೆಲವೇ ತಿಂಗಳಲ್ಲಿ ಹಣದ ಮುಗ್ಗಟ್ಟು, ಆಮೇಲೆ ಕಂಪನಿಯ ಮರುಹುಟ್ಟು, ಮತ್ತೆ ಬೆಂಕಿ. 1914ರಲ್ಲಿ ಕಂಪನಿ ಕೈಚೆಲ್ಲಿತು.

1919ರಲ್ಲಿ ಲೇಬರ್ ಸರ್ಕಾರ ರೈಲು, ಕುಲುಮೆ ಎಲ್ಲವನ್ನೂ ಕೊಂಡು 1920ರಲ್ಲಿ ಸರ್ಕಾರಿ ಕುಲುಮೆಯಾಗಿ ತೆರೆಯಿತು. ಆಗ ಸರ್ಕಾರ ಮಾಂಸದ ಅಂಗಡಿಯಿಂದ ದನ ಸಾಕುವ ದೊಡ್ಡ ಜಮೀನಿನವರೆಗೆ ಹಲವು ವ್ಯಾಪಾರ ತಾನೇ ಮಾಡುತ್ತಿತ್ತು. ಚಿಲ್ಲಗೋದಲ್ಲಿ ಲಾಭ ಬರಲಿಲ್ಲ. ಆದರೆ ಒಬ್ಬೊಬ್ಬರೇ ಗುದ್ದಲಿ ಹಿಡಿದು ಅಗೆಯುವ ಸಣ್ಣ ಗಣಿಗಾರರು ಗಾಡಿ ತುಂಬ ಅದಿರು ತಂದರೆ ಕೊಳ್ಳುವ ಜಾಗ ಉತ್ತರದಲ್ಲಿ ಅದೊಂದೇ ಎನ್ನುವಂತಿತ್ತು. ಲೆಕ್ಕದ ಪುಸ್ತಕ ತೆರೆದರೆ ಇದು ದಂಡ. ಆ ಸೀಮೆಯ ಸಂಸಾರಗಳ ಕಡೆಯಿಂದ ನೋಡಿದರೆ ಊಟ. ಎರಡನ್ನೂ ಒಟ್ಟಿಗೆ ಹೇಳದೆ ಬರೀ ನಷ್ಟ ಎನ್ನುವವರ ಮಾತು ನನಗೆ ಹಿಡಿಸುವುದಿಲ್ಲ.

ಮುಂಗಾನ ಹಗರಣ ಅಂತಾರಲ್ಲ, ಅದೇನು? ಬೊಫೋರ್ಸ್ ತರಹಾನಾ?

ಥಿಯೋಡೋರ್ ಎಂಬ ರಾಜಕಾರಣಿಗೆ ಸಿಗಬಹುದಾಗಿದ್ದ ಪ್ರಧಾನಿ ಪದವಿಯನ್ನೇ ನುಂಗಿದ ಹಗರಣ ಎನ್ನುವವರಿದ್ದಾರೆ. ನಡೆದದ್ದು ಹೀಗೆ.

ಟೆಡ್ ಥಿಯೋಡೋರ್ ಮತ್ತು ವಿಲಿಯಂ ಮೆಕ್‌ಕಾರ್ಮ್ಯಾಕ್ ಇದೇ ಗಣಿ ಸೀಮೆಯಲ್ಲಿ 1907ರ ಸುಮಾರಿಗೆ ಕಾರ್ಮಿಕರ ಸಂಘ ಕಟ್ಟಿ ಮೇಲೆ ಬಂದವರು. ಥಿಯೋಡೋರ್ ಗೆದ್ದ ವಿಧಾನಸಭಾ ಕ್ಷೇತ್ರದ ಹೆಸರೇ ಮುಂದೆ ಚಿಲ್ಲಗೋ ಎಂದಾಯಿತು. ಅವನು 1919ರಿಂದ 1925ರವರೆಗೆ ಕ್ವೀನ್ಸ್‌ಲ್ಯಾಂಡಿನ ಪ್ರೀಮಿಯರ್, ಅಂದರೆ ಮುಖ್ಯಮಂತ್ರಿ. ಮುಂದೆ ಮೆಕ್‌ಕಾರ್ಮ್ಯಾಕ್ ಕೂಡ ಅದೇ ಕುರ್ಚಿಗೆ ಬಂದ. 1922ರಲ್ಲಿ ಸರ್ಕಾರ ಮುಂಗಾನದ ಸೀಸದ ಗಣಿಗಳನ್ನು 40,000 ಪೌಂಡ್ ಕೊಟ್ಟು ಕೊಂಡಿತು. ಕುಲುಮೆಗೆ ಅದಿರು ಬೇಕಿತ್ತು, ಅದಿರು ಮುಂಗಾನದಲ್ಲಿತ್ತು. ಆದರೆ ಮಾರಿದವರ ಹಿಂದೆ ಕೊಂಡವರೇ ಇದ್ದರೇ ಎಂಬ ಗುಸುಗುಸು ಎದ್ದಿತು.

1929ರಲ್ಲಿ ಲೇಬರ್ ಸೋತು ಬಂದ ಹೊಸ ಸರ್ಕಾರ ವಿಚಾರಣಾ ಆಯೋಗ ನೇಮಿಸಿತು. 1930ರಲ್ಲಿ ಆಯೋಗ ಇಬ್ಬರನ್ನೂ ವಂಚನೆಯ ತಪ್ಪಿತಸ್ಥರೆಂದಿತು. ಅಷ್ಟರಲ್ಲಿ ಥಿಯೋಡೋರ್ ಕೇಂದ್ರದಲ್ಲಿ ಹಣಕಾಸು ಸಚಿವ, ಜಗತ್ತಿನ ಆರ್ಥಿಕ ಕುಸಿತದ ನಡು ಹೊತ್ತು. ರಾಜೀನಾಮೆ ಕೊಟ್ಟ. 1931ರ ಜನವರಿಯಲ್ಲಿ ಮತ್ತೆ ಸಚಿವನಾದ. ಅದೇ ವರ್ಷ ಬ್ರಿಸ್ಬೇನ್‌ನಲ್ಲಿ ನಡೆದ ಸಿವಿಲ್ ಮೊಕದ್ದಮೆಯಲ್ಲಿ ಜ್ಯೂರಿ ಆಪಾದಿತರ ಪರ ತೀರ್ಪು ಕೊಟ್ಟಿತು. ಡಿಸೆಂಬರ್ ಚುನಾವಣೆಯಲ್ಲಿ ಅವನೇ ಸೋತ.

ಅವನು ತಪ್ಪಿತಸ್ಥನೇ ಎಂದು ಕೇಳುವವರಿಗೆ ಉತ್ತರ ಇಷ್ಟೇ: ಆಯೋಗ ಹೌದೆಂದಿತು, ನ್ಯಾಯಾಲಯ ಇಲ್ಲವೆಂದಿತು. ಆಯೋಗವನ್ನು ನೇಮಿಸಿದವರು ಅವನ ಎದುರಾಳಿಗಳು ಎಂಬುದನ್ನು ತಕ್ಕಡಿಯಲ್ಲಿ ಇಡಲೇಬೇಕು. ಬೊಫೋರ್ಸ್ ಹೋಲಿಕೆ ನಿಮ್ಮದು, ನಾನು ಅದರ ಗೋಜಿಗೆ ಹೋಗುವುದಿಲ್ಲ.

1943ರಲ್ಲಿ ಯುದ್ಧ ನಡೀತಿತ್ತಲ್ಲ? ತಾಮ್ರ ಬೇಕಾದಾಗಲೇ ಮುಚ್ಚಿದ್ದು ಯಾಕೆ?

ತಾಮ್ರ ಬೇಕಾಗಿದ್ದರಿಂದಲೇ. ಅದೇ 1943ರಲ್ಲಿ ಮೌಂಟ್ ಐಸಾ ಗಣಿ ಸೀಸದಿಂದ ತಾಮ್ರಕ್ಕೆ ತಿರುಗಿತು. ಅಲ್ಲಿ ಅದಿರು ಅಪಾರ. ಆಳುಗಳು ಕಡಿಮೆ, ಇಂಧನ ಕಡಿಮೆ, ಇದ್ದಷ್ಟನ್ನು ದೊಡ್ಡ ಗಣಿಗೆ ಹಾಕುವುದು ಯುದ್ಧಕಾಲದ ಲೆಕ್ಕ. ಚಿಲ್ಲಗೋ ಮುಚ್ಚಿತು. ಆಮೇಲೆ ಬೆಲೆ ಬಾಳುವ ಯಂತ್ರ, ಕಬ್ಬಿಣ ಕಳಚಿಹೋಯಿತು, ಇಟ್ಟಿಗೆ ಮತ್ತು ಕಿಟ್ಟ ಯಾರಿಗೂ ಬೇಡವಾದ್ದರಿಂದ ಉಳಿಯಿತು.

## ಕಾಪಾಡುವ ಮಾತು

ವಿಷದ ಜಾಗ ಅಂತೀರಿ. ಸ್ವಚ್ಛ ಮಾಡಿ ಕೆಡವಿಬಿಡೋದು ಬಿಟ್ಟು ಪಾರಂಪರಿಕ ತಾಣ ಅಂತ ಯಾಕೆ ಇಟ್ಟುಕೊಂಡಿದ್ದಾರೆ?

ನನ್ನನ್ನು ಹೆಚ್ಚು ತಡಬಡಾಯಿಸಿದ ಪ್ರಶ್ನೆ. ಕೇಳಿದವರು ಕೋಲಾರದ ಕಡೆಯವರು. ಗಾಳಿ ಬೀಸಿದಾಗ ಸೈನೇಡ್ ದಿಬ್ಬದ ಧೂಳು ಅಡುಗೆಮನೆಗೆ ಬಂದು ಬೀಳುವುದನ್ನು ಕಂಡು ಬೆಳೆದವರಿಗೆ 'ಪರಂಪರೆ' ಎಂಬ ಮಾತು ಸುಲಭವಾಗಿ ಗಂಟಲಿನಲ್ಲಿ ಇಳಿಯುವುದಿಲ್ಲ.

ಕ್ವೀನ್ಸ್‌ಲ್ಯಾಂಡಿನ 1992ರ ಪಾರಂಪರಿಕ ಕಾಯ್ದೆಯ ಪಟ್ಟಿಯಲ್ಲಿ ಈ ಕುಲುಮೆ ಇದೆ, ಉಸ್ತುವಾರಿ ರಾಜ್ಯದ ಉದ್ಯಾನ ಮತ್ತು ವನ್ಯಜೀವಿ ಇಲಾಖೆಯದು. ಅಗೆದು ಸ್ವಚ್ಛ ಮಾಡುವುದೆಂದರೆ ಲಕ್ಷಾಂತರ ಟನ್ ಕಿಟ್ಟವನ್ನೂ ಮಣ್ಣನ್ನೂ ಕೆದಕಿ ಧೂಳೆಬ್ಬಿಸಿ ಬೇರೆಲ್ಲೋ ಹಾಕುವುದು. ಆ ಬೇರೆಲ್ಲೋ ಯಾರ ಊರು? ಗಟ್ಟಿಯಾದ ಕಿಟ್ಟ ಗಾಜಿನಂತೆ, ಅಷ್ಟು ಸುಲಭವಾಗಿ ಕರಗಿ ಹರಿಯುವುದಿಲ್ಲ. ನುಣುಪು ಧೂಳು ಮತ್ತು ಹೊಗೆಕಾಲುವೆಯ ಕೆಸರು ಹೆಚ್ಚು ಅಪಾಯ. ಬೇಲಿ ಹಾಕಿ, ಜನರನ್ನು ದೂರ ಇಟ್ಟು, ಇದ್ದಲ್ಲೇ ಇರಲು ಬಿಡುವುದು ಇಂಥ ಕಡೆ ಅರ್ಥವುಳ್ಳ ದಾರಿ. ಚಿಲ್ಲಗೋದಲ್ಲಿ ಅದು ಸಾಧ್ಯವಾಗುವುದು ಸುತ್ತ ಮನೆಗಳು ಒತ್ತೊತ್ತಾಗಿ ಇಲ್ಲದ್ದರಿಂದ. ದಿಬ್ಬಕ್ಕೆ ಆತುಕೊಂಡೇ ಜನ ಬದುಕುವ ಕೆಜಿಎಫ್‌ಗೆ ಇದೇ ಮಾತನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ.

ಇನ್ನು ಕಟ್ಟಡದ ಮಾತು. ಗೆದ್ದ ಕಾರ್ಖಾನೆಗಳು ತಮ್ಮ ಹಳೆಯದನ್ನು ತಾವೇ ಕೆಡವಿ ಹೊಸದು ಕಟ್ಟುತ್ತವೆ, 1901ರ ಕುಲುಮೆ ಅಲ್ಲಿ ಸಿಗುವುದಿಲ್ಲ. ಸೋತದ್ದು ಮಾತ್ರ ಸೋತ ದಿನ ಇದ್ದ ಹಾಗೆ ನಿಲ್ಲುತ್ತದೆ. ಅದಿರು ಬಂದ ದಿಕ್ಕು, ಹಳಿ, ಕುಲುಮೆ, ಚಿಮಣಿ, ಕಿಟ್ಟ ಎಲ್ಲ ಒಂದೇ ನೋಟದಲ್ಲಿ ಕಾಣುವುದು ಇದೇ ಕಾರಣಕ್ಕೆ.

ಸಂರಕ್ಷಣೆ ಅಂದ್ರೆ ಬಿದ್ದದ್ದನ್ನು ಮತ್ತೆ ಕಟ್ಟೋದಾ?

ಇಲ್ಲಿ ಅಲ್ಲ. ನಿಂತದ್ದು ಬೀಳದಂತೆ ಹಿಡಿದಿಡುವುದು, ಬಿದ್ದದ್ದನ್ನು ಬಿದ್ದಂತೆ ಬಿಡುವುದು. ಹೊಸ ಇಟ್ಟಿಗೆಯಲ್ಲಿ ಕುಲುಮೆ ಕಟ್ಟಿ ಬಣ್ಣ ಬಳಿದು, ಮುಂದೆ ಸೆಲ್ಫಿ ಪಾಯಿಂಟ್ ಫಲಕ ಹಾಕಿದರೆ ಹೆಚ್ಚು ಜನ ಬರಬಹುದು. ನಾನು ಬರುವುದಿಲ್ಲ.

ಆದಿವಾಸಿಗಳ ಕಥೆ ಎಲ್ಲೂ ಬರಲಿಲ್ಲವಲ್ಲ?

ಬರಬೇಕಿತ್ತು, ನಿಜವಾಗಿ ಮೊದಲನೆಯ ಪ್ರಶ್ನೆಯಲ್ಲೇ. ಇದು ವಾಕಮನ್ ಜನರ ನೆಲ. ಸುಣ್ಣಕಲ್ಲಿನ ಬಂಡೆಗಳ ಆಸರೆಯಲ್ಲಿ ಅವರ ಹಿರಿಯರು ಬಿಡಿಸಿದ ಚಿತ್ರಗಳಿವೆ, ಮುಂಗಾನದ ಹತ್ತಿರವೂ ಇವೆ. ಕುಲುಮೆಯ ಆಯಸ್ಸು 42 ವರ್ಷ, ಆ ಚಿತ್ರಗಳ ಮುಂದೆ ನಿಂತಾಗ ಅದು ನಿನ್ನೆ ಸಂಜೆಯ ಗದ್ದಲ. ಚಿತ್ರಗಳನ್ನು ಮುಟ್ಟಬೇಡಿ, ಕೈಯ ಎಣ್ಣೆ ಅವಕ್ಕೆ ಆಗದು. ಗುಹೆ ನೋಡಲು ಹೋದಾಗ ಅರ್ಧ ಗಂಟೆ ಅಲ್ಲಿಗೂ ಇಟ್ಟುಕೊಳ್ಳಿ.

ಒಂದೇ ಒಂದು ಚೂರು ಕಿಟ್ಟ, ನೆನಪಿಗೆ ಅಂತ ತರಬಹುದಾ?

ಬೇಡ. ಕಾಯ್ದೆ ಬಿಡುವುದಿಲ್ಲ, ಸೀಸವೂ ಬಿಡುವುದಿಲ್ಲ. ನಮ್ಮ ಅಣ್ಣನ ಮಗ ಬೇಲಿಯ ಹೊರಗೆ ಸಿಕ್ಕ ಹೊಳೆಯುವ ಕಪ್ಪು ಹರಳೊಂದನ್ನು ಜೇಬಿಗೆ ಹಾಕಿಕೊಂಡಿದ್ದ. ಅಲ್ಮಾಡೆನ್ ದಾಟಿದ ಮೇಲೆ ತೋರಿಸಿದ. ಮೂವತ್ತು ಕಿಲೋಮೀಟರ್ ವಾಪಸ್ಸು ಹೋಗಿ ಇಟ್ಟು ಬಂದೆವು. ಕಾರಿನಲ್ಲಿ ಯಾರೂ ಮಾತಾಡಲಿಲ್ಲ, ಅವನ ಜೇಬನ್ನು ಎರಡು ಸಲ ಒಗೆಸಿದೆವು.